ಮುಚ್ಚುವ ಮುನ್ನ ಅಳೆಯಿರಿ

ಕಟ್ಟಿಸಿದವರದು ಒಂದು ಲೆಕ್ಕ, ಕಟ್ಟಿದವರದು ಇನ್ನೊಂದು ಲೆಕ್ಕ. ಈ ಎರಡರ ನಡುವೆ ಟೇಪು ಹಿಡಿದು ನಿಲ್ಲುವ ವೃತ್ತಿಯೊಂದಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಮಳೆನಾಡಿಗೆ ಆ ವೃತ್ತಿಯವರು ಬೇಕೇಬೇಕು.

ಸಿದ್ದಾಪುರದ ಕಡೆಯ ಒಂದು ಊರು ಎಂದಿಟ್ಟುಕೊಳ್ಳಿ. ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಒಬ್ಬರು ಹೊಸ ಮನೆಗೆ ಪಾಯ ತೆಗೆಸುತ್ತಿದ್ದಾರೆ. ಚದರಕ್ಕೆ ಇಷ್ಟು ಎಂದು ಮಾತಾಗಿದೆ. ಪಾಯ ಮೂರಡಿ ಆಳ, ಅದಕ್ಕಿಂತ ಹೆಚ್ಚಾದರೆ ಬೇರೆ ಲೆಕ್ಕ ಎಂದೂ ಬಾಯಿಮಾತಿನಲ್ಲಿ ಆಗಿದೆ. ಹಿಂಬದಿಯಲ್ಲಿ ಹಿಂದೆ ಗೊಬ್ಬರಗುಂಡಿ ಇತ್ತು, ಅಜ್ಜನ ಕಾಲದಲ್ಲೇ ಮುಚ್ಚಿದ್ದು. ಅಲ್ಲಿ ಗುದ್ದಲಿ ಹಾಕಿದಷ್ಟೂ ಮಣ್ಣು ಮೆತ್ತಗೆ.

“ಹೆಗಡೇರೇ, ಹಿಂದ್ಗಡೆ ಗಟ್ಟಿ ನೆಲ ಸಿಕ್ಕಿಲ್ಲ, ಐದಡಿ ಹೋಗ್ಬೇಕು” ಎನ್ನುತ್ತಾರೆ ಮೇಸ್ತ್ರಿ.

“ಹೋಗು ಮಾರಾಯ, ಲೆಕ್ಕ ಆಮೇಲೆ ನೋಡನ” ಎನ್ನುತ್ತಾರೆ ಯಜಮಾನರು.

ಈ ‘ಆಮೇಲೆ’ ಬರುವುದು ಗೃಹಪ್ರವೇಶ ಮುಗಿದ ಮೇಲೆ. ಅಷ್ಟರಲ್ಲಿ ಪಾಯದ ಮೇಲೆ ಚಿರೇಕಲ್ಲಿನ ಗೋಡೆ ಎದ್ದಿದೆ, ಒಳಗೆ ಟೈಲ್ಸ್ ಬಿದ್ದಿದೆ, ಹೊರಗೆ ತುಳಸಿಕಟ್ಟೆಯೂ ಆಗಿದೆ. ಪಾಯದ ಒಟ್ಟು ಉದ್ದ 60 ಮೀಟರ್, ಅಗಲ 0.75 ಮೀಟರ್. ಎಲ್ಲ ಕಡೆಯೂ ಎರಡಡಿ, ಅಂದರೆ 0.6 ಮೀಟರ್ ಹೆಚ್ಚು ಇಳಿದಿದ್ದೇವೆ ಎಂಬುದು ಮೇಸ್ತ್ರಿಯ ಲೆಕ್ಕ. ಹಾಗಾದರೆ ಹೆಚ್ಚುವರಿ ಕಲ್ಲುಗಾರೆ 27 ಘನ ಮೀಟರ್. ಎಲ್ಲೋ ಒಂದು ಮೂಲೆಯಲ್ಲಿ ಚೂರು ಆಳ ಹೋಗಿರಬಹುದು, ಅದಕ್ಕೇನು ದುಡ್ಡು ಎಂಬುದು ಯಜಮಾನರ ಲೆಕ್ಕ. ಘನ ಮೀಟರಿಗೆ 5,000 ರೂಪಾಯಿ ಎಂದು ಉದಾಹರಣೆಗೆ ಹಿಡಿದರೂ ಒಬ್ಬರು ಕೇಳುವುದು 1,35,000 ರೂಪಾಯಿ, ಇನ್ನೊಬ್ಬರು ಕೊಡುತ್ತೇನೆನ್ನುವುದು ಸೊನ್ನೆ. ಇಬ್ಬರೂ ಸುಳ್ಳರಲ್ಲ. ತಮಗೆ ನೆನಪಿದ್ದದ್ದನ್ನೇ ಹೇಳುತ್ತಿದ್ದಾರೆ. ನೆನಪಿಗೆ ಅಳತೆಯಿಲ್ಲದಿರುವುದೇ ತೊಂದರೆ.

ಇಂಥ ಹೊತ್ತಿನಲ್ಲಿ ಬೇಕಾಗುವವರು ಕ್ವಾಂಟಿಟಿ ಸರ್ವೇಯರ್.

ಜಮೀನು ಅಳೆಯುವ ಸರ್ವೇಯರ್ ಅಲ್ಲ

ಸರ್ವೇಯರ್ ಎಂದ ಕೂಡಲೇ ನಮ್ಮಲ್ಲಿ ಕಣ್ಣಿಗೆ ಬರುವುದು ಹದ್ದುಬಸ್ತಿಗೆ ಬರುವ ಭೂಮಾಪಕರು. ಕ್ವಾಂಟಿಟಿ ಸರ್ವೇಯರ್ ಅಳೆಯುವುದು ಕೆಲಸವನ್ನು. ಎಷ್ಟು ಅಗೆತ, ಎಷ್ಟು ಕಾಂಕ್ರೀಟು, ಎಷ್ಟು ಕಬ್ಬಿಣ, ಎಷ್ಟು ಗಾರೆ, ಅದಕ್ಕೆ ಕರಾರಿನ ಪ್ರಕಾರ ಎಷ್ಟು ಹಣ, ತಡವಾದರೆ ಯಾರಿಂದ, ಅದರಿಂದ ಯಾರಿಗೆ ಎಷ್ಟು ನಷ್ಟ ಎಂಬುದೆಲ್ಲ ಅವರ ಲೆಕ್ಕಕ್ಕೆ ಸೇರುತ್ತದೆ. ಬ್ರಿಟನ್ನಿನಲ್ಲಿ ಇದು ಹಳೆಯ ವೃತ್ತಿ. ಈ ವೃತ್ತಿಯವರೂ ಸದಸ್ಯರಾಗಿರುವ ಆರ್‌ಐಸಿಎಸ್ ಎಂಬ ಸಂಸ್ಥೆ ಲಂಡನ್ನಿನಲ್ಲಿ ಹುಟ್ಟಿದ್ದು 1868ರಲ್ಲಿ. ನಮ್ಮಲ್ಲಿ ಅದೇ ಕೆಲಸವನ್ನು ಬಿಲ್ಲಿಂಗ್ ಎಂಜಿನಿಯರ್, ಎಸ್ಟಿಮೇಟರ್, ಇಲಾಖೆಯ ಸಹಾಯಕ ಎಂಜಿನಿಯರ್ ಹೀಗೆ ಹಲವು ಹೆಸರಿನವರು ಹಂಚಿಕೊಂಡು ಮಾಡುತ್ತ ಬಂದಿದ್ದಾರೆ.

ಲೋಕೋಪಯೋಗಿ ಇಲಾಖೆಯ ಅಳತೆ ಪುಸ್ತಕವನ್ನು, ಎಲ್ಲರ ಬಾಯಲ್ಲಿ ‘ಎಂ.ಬಿ.’ಯನ್ನು, ಒಮ್ಮೆ ತೆರೆದು ನೋಡಿದವರಿಗೆ ಈ ವೃತ್ತಿಯ ಶಿಸ್ತು ಅರ್ಥವಾಗುತ್ತದೆ. ಪ್ರತಿ ಪುಟಕ್ಕೂ ಅಚ್ಚಾದ ಸಂಖ್ಯೆ, ಹಾಗಾಗಿ ಹಾಳೆ ಹರಿಯುವಂತಿಲ್ಲ. ಸಂಖ್ಯೆ, ಉದ್ದ, ಅಗಲ, ಆಳ, ಪ್ರಮಾಣ ಎಂದು ಸಾಲಾಗಿ ಕಾಲಂಗಳು. ತಪ್ಪಿದರೆ ಉಜ್ಜಿ ಅಳಿಸುವಂತಿಲ್ಲ. ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಕಿರಿಯರು ಬರೆದದ್ದನ್ನು ಮೇಲಿನವರು ಸ್ಥಳಕ್ಕೆ ಹೋಗಿ ಮರು ಅಳತೆ ಮಾಡಬೇಕು. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆಯಬೇಕೆಂಬುದು ಈ ಪದ್ಧತಿಯ ಜೀವ. ಪಾಯ, ಕಾಂಕ್ರೀಟಿನೊಳಗಿನ ಕಬ್ಬಿಣ, ನೆಲದಡಿಯ ಪೈಪು ಇವೆಲ್ಲ ಒಂದು ದಿನ ಕಾಣುತ್ತವೆ, ಮರುದಿನ ಕಾಣುವುದಿಲ್ಲ.

ಮುಚ್ಚಿಹೋದ ಮೇಲೆ ಕರೆದರೆ? ಆಗಲೂ ದಾರಿಯಿದೆ, ಖರ್ಚು ಹೆಚ್ಚು ಅಷ್ಟೆ. ನಮ್ಮ ಉದಾಹರಣೆಯ ಮನೆಗೆ ಬಂದ ಕ್ವಾಂಟಿಟಿ ಸರ್ವೇಯರ್ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಗೋಡೆಯ ಹೊರಬದಿಯಲ್ಲಿ ನಾಲ್ಕಾರು ಕಡೆ ಪರೀಕ್ಷಾ ಗುಂಡಿ ತೆಗೆಸುತ್ತಾರೆ. ಮುಂದಿನ ಎರಡು ಗುಂಡಿಗಳಲ್ಲಿ ಪಾಯದ ತಳ 0.9 ಮೀಟರಿಗೆ ಸಿಗುತ್ತದೆ, ಹಿಂದಿನ ಎರಡರಲ್ಲಿ 1.5 ಮೀಟರಿಗೆ. ಆಳ ಬದಲಾದ ಮೆಟ್ಟಿಲು ಎಲ್ಲಿದೆಯೆಂದು ಮತ್ತೆರಡು ಗುಂಡಿಯಿಂದ ಗೊತ್ತಾಗುತ್ತದೆ. ಹೆಚ್ಚು ಆಳ ಹೋಗಿರುವುದು 24 ಮೀಟರ್ ಉದ್ದಕ್ಕೆ ಮಾತ್ರ. 24ನ್ನು 0.75ರಿಂದ, ಅದನ್ನು 0.6ರಿಂದ ಗುಣಿಸಿದರೆ 10.8 ಘನ ಮೀಟರ್. ಆಮೇಲೆ ಕಲ್ಲಿನ ಲೋಡಿನ ಚೀಟಿಗಳನ್ನು ತರಿಸಿ, ಬಂದ ಕಲ್ಲೆಷ್ಟು, ಗೋಡೆಗೆ ಹೋದದ್ದೆಷ್ಟು, ಪಾಯಕ್ಕೆ ಉಳಿದದ್ದೆಷ್ಟು ಎಂದು ತಾಳೆ ನೋಡುತ್ತಾರೆ. ಯಜಮಾನರ ಮಗನ ಮೊಬೈಲಿನಲ್ಲಿ ಪಾಯದ ದಿನದ ಫೋಟೋ ಇದ್ದರೆ ಅದೂ ಸಾಕ್ಷಿ. ಕೊನೆಗೆ ಸಿಗುವ ಮೊತ್ತ 54,000 ರೂಪಾಯಿ. ಒಬ್ಬರು ಕೇಳಿದ್ದಕ್ಕೂ ಇನ್ನೊಬ್ಬರು ಒಪ್ಪಿದ್ದಕ್ಕೂ ಸರಿಯಾಗಿ ನಡುವೆ ಗೆರೆ ಎಳೆದು ಬಂದ ಮೊತ್ತ ಇದಲ್ಲ. ನೆಲ ಕೊಟ್ಟ ಉತ್ತರ ಇದು. ನನಗೆ ಈ ವೃತ್ತಿಯ ಮೇಲೆ ಗೌರವ ಬಂದದ್ದು ಈ ಕಾರಣಕ್ಕೆ.

ಗಾರೆಯ ಲೆಕ್ಕ, ಮಣ್ಣಿನ ಲೆಕ್ಕ

ಎಷ್ಟೋ ಜಗಳ ಹುಟ್ಟುವುದು ಮೋಸದಿಂದಲ್ಲ, ಅಳೆಯುವ ನಿಯಮ ಗೊತ್ತಿಲ್ಲದ್ದರಿಂದ. ‘ಬಾಗಿಲಿರುವ ಜಾಗಕ್ಕೂ ಗಾರೆಯ ದುಡ್ಡು ಹಾಕಿದ್ದಾರೆ’ ಎಂಬ ದೂರು ಮನೆ ಕಟ್ಟಿಸಿದವರಿಂದ ಆಗಾಗ ಕೇಳಿಬರುತ್ತದೆ. ಭಾರತೀಯ ಮಾನಕಗಳಲ್ಲಿ ಕಟ್ಟಡ ಕೆಲಸದ ಅಳತೆಗೆಂದೇ ಐಎಸ್ 1200 ಎಂಬುದಿದೆ. ಅದರ ಪ್ರಕಾರ ಗಾರೆಯಲ್ಲಿ 0.5 ಚದರ ಮೀಟರಿನೊಳಗಿನ ಕಿಂಡಿಯನ್ನು ಕಳೆಯುವುದೇ ಇಲ್ಲ. 0.5ರಿಂದ 3 ಚದರ ಮೀಟರ್‌ವರೆಗಿನ ಬಾಗಿಲು, ಕಿಟಕಿಗಳನ್ನು ಗೋಡೆಯ ಒಂದು ಮೈಯಲ್ಲಿ ಮಾತ್ರ ಕಳೆಯುತ್ತಾರೆ. 3 ಚದರ ಮೀಟರಿಗಿಂತ ದೊಡ್ಡದನ್ನು ಎರಡೂ ಮೈಯಲ್ಲಿ ಕಳೆದು, ಸಂದಿನ ಬದಿಗಳ ಗಾರೆಯನ್ನು ಬೇರೆಯಾಗಿ ಸೇರಿಸುತ್ತಾರೆ.

ಒಂದು ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲು ಎಂದರೆ 2.1 ಚದರ ಮೀಟರ್. ಅದನ್ನು ಒಂದು ಮೈಯಲ್ಲಿ ಕಳೆದು ಇನ್ನೊಂದು ಮೈಯಲ್ಲಿ ಹಾಗೇ ಬಿಡುವುದಕ್ಕೆ ಕಾರಣವಿದೆ. ಬಾಗಿಲಿನ ಬದಿ, ತಲೆ, ಮೂಲೆಗಳಲ್ಲಿ ಗಾರೆಯವರು ಕರಣೆ ಹಿಡಿದು ಕೂರುವ ಹೊತ್ತಿನ ಕೂಲಿ ಅದರಲ್ಲಿ ಸೇರಿದೆ. ಕೆಲಸ ಶುರುವಾಗುವ ಮುನ್ನ ಇದನ್ನು ಹೇಳಿದರೆ ಯಾರೂ ಜಗಳ ಆಡುವುದಿಲ್ಲ. ಬಿಲ್ಲು ಕೈಗೆ ಬಂದ ದಿನ ಹೇಳಿದರೆ ಯಾರೂ ನಂಬುವುದಿಲ್ಲ.

ಮಣ್ಣಿನದು ಇನ್ನೊಂದು ಕಥೆ. ಅಗೆದ ಮಣ್ಣು ಉಬ್ಬುತ್ತದೆ. ನೆಲದಲ್ಲಿ ಐದು ಪಾಲು ಇದ್ದದ್ದು ಟಿಪ್ಪರಿಗೆ ಹತ್ತುವಾಗ ಆರು ಪಾಲಾಗಬಹುದು, ಕೆಲವು ಮಣ್ಣಿನಲ್ಲಿ ಅದಕ್ಕೂ ಹೆಚ್ಚು. ಟಿಪ್ಪರ್ ಎಣಿಸಿ ಬ್ರಾಸಿನ ಲೆಕ್ಕದಲ್ಲಿ, ಅಂದರೆ 100 ಘನ ಅಡಿಯ ಲೆಕ್ಕದಲ್ಲಿ ದುಡ್ಡು ಕೊಟ್ಟವರು ಗಾಳಿಗೂ ದುಡ್ಡು ಕೊಟ್ಟಂತೆ. ಅಗೆತವನ್ನು ನೆಲದಲ್ಲಿ ಬಿದ್ದ ಗುಂಡಿಯ ಅಳತೆಯಿಂದ ಲೆಕ್ಕ ಹಾಕುವುದೇ ಸರಿ. ಅದಕ್ಕೆ ಅಗೆಯುವ ಮೊದಲಿನ ನೆಲದ ಮಟ್ಟ ಗೊತ್ತಿರಬೇಕು. ಮೊದಲ ದಿನದ ಲೆವೆಲ್ ಹಿಡಿದಿಡದ ಕೆಲಸದಲ್ಲಿ ಕೊನೆಯ ದಿನದ ಲೆಕ್ಕಕ್ಕೆ ಬುಡವೇ ಇರುವುದಿಲ್ಲ.

ಮನೆಯ ಅಂಗಳದಲ್ಲಿ ಇದು ಕೆಲವು ಸಾವಿರದ ಮಾತು. ಘಟ್ಟದ ರಸ್ತೆಯಲ್ಲಿ ಕೋಟಿಗಳ ಮಾತು. ನಮ್ಮ ಮೂರು ತಾಲ್ಲೂಕಿನವರು ಸಮುದ್ರದ ಕಡೆ ಇಳಿಯಬೇಕಾದರೆ ಘಟ್ಟ ದಾಟಲೇಬೇಕು. ಯಲ್ಲಾಪುರದವರಿಗೆ ಅರಬೈಲ್, ಶಿರಸಿಯವರಿಗೆ ದೇವಿಮನೆ, ಸಿದ್ದಾಪುರದವರಿಗೆ ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ದಾರಿ. ಇಲ್ಲೆಲ್ಲ ರಸ್ತೆ ಅಗಲ ಮಾಡುವಾಗ ಕಡಿಯುವ ಗುಡ್ಡ ಮೇಲೆ ಮಣ್ಣು, ನಡುವೆ ಜಂಬಿಟ್ಟಿಗೆ, ಕೆಳಗೆ ಬಂಡೆ. ಮೂರಕ್ಕೂ ದರ ಬೇರೆ. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂದು ಕಡಿಯುವಾಗಲೇ ಇಬ್ಬರೂ ಕೂಡಿ ಗುರುತು ಹಾಕದಿದ್ದರೆ, ಗುಡ್ಡ ಹೋದ ಮೇಲೆ ಅದನ್ನು ಹೇಳಬಲ್ಲವರು ಯಾರೂ ಇಲ್ಲ.

ಮಳೆಯ ಲೆಕ್ಕ

2021ರ ಜುಲೈ ಮಳೆಯನ್ನು ಯಲ್ಲಾಪುರದವರು ಮರೆಯಲಾರರು. ಕಳಚೆಯಲ್ಲಿ ಗುಡ್ಡ ಜಾರಿ ತೋಟ, ಮನೆ, ರಸ್ತೆಗಳನ್ನು ಕೊಂಡೊಯ್ದಿತು. ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿಯಿತು. ಗಂಗಾವಳಿ ಉಕ್ಕಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಇಂಥ ನಾಡಿನಲ್ಲಿ ಕಟ್ಟುವ ಯಾವ ಕರಾರಿನಲ್ಲೂ ಮಳೆ ಮೂರನೆಯ ಪಕ್ಷಗಾರನಂತೆ ಇದ್ದೇ ಇರುತ್ತದೆ.

ಟೆಂಡರಿನಲ್ಲಿ ‘ಮಳೆಗಾಲ ಸೇರಿ’ ಅಥವಾ ‘ಮಳೆಗಾಲ ಬಿಟ್ಟು’ ಇಷ್ಟು ತಿಂಗಳು ಎಂದು ಬರೆದಿರುತ್ತದೆ. ಓದಲು ಎರಡೇ ಪದ, ಅದರ ಬೆಲೆ ನಾಲ್ಕು ತಿಂಗಳು. ಮಳೆಗಾಲ ಸೇರಿ ಎಂದು ಒಪ್ಪಿದ ಗುತ್ತಿಗೆದಾರರು ಜುಲೈನಲ್ಲಿ ಮಳೆ ಬಂತೆಂದು ಅವಧಿ ಕೇಳಿದರೆ ನಿಲ್ಲುವುದು ಕಷ್ಟ, ಏಕೆಂದರೆ ಇಲ್ಲಿ ಜುಲೈನಲ್ಲಿ ಮಳೆ ಬರುವುದು ಹೊಸ ಸುದ್ದಿಯಲ್ಲ. ಆದರೆ ಯಾವ ವರ್ಷವೂ ಕಾಣದಂಥ ಮಳೆ ಸುರಿದರೆ, ಅಥವಾ ನವೆಂಬರಿನಲ್ಲಿ ಕೊಡಬೇಕಿದ್ದ ಜಾಗವನ್ನು ಅರಣ್ಯದ ಅನುಮತಿ ಬಾರದೆ ಏಪ್ರಿಲಿನಲ್ಲಿ ಕೊಟ್ಟು ಕೆಲಸವನ್ನು ಮಳೆಗಾಲದ ಬಾಯಿಗೆ ದೂಡಿದ್ದರೆ, ಮಾತು ಬೇರೆಯಾಗುತ್ತದೆ. ಇದನ್ನು ಬಿಡಿಸುವುದಕ್ಕೆ ತಡದ ವಿಶ್ಲೇಷಣೆ ಎನ್ನುತ್ತಾರೆ. ಸೈಟಿನ ದಿನಚರಿ, ಪತ್ರಗಳ ತಾರೀಕು, ಯಂತ್ರಗಳ ಲಾಗ್ ಪುಸ್ತಕ ಎಲ್ಲವನ್ನೂ ದಿನದ ಲೆಕ್ಕದಲ್ಲಿ ಒಂದರ ಪಕ್ಕ ಒಂದಿಟ್ಟು ನೋಡುತ್ತಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿರುವುದರಿಂದ, ಯಾವ ದಿನ ಎಷ್ಟು ಮಿಲಿಮೀಟರ್ ಬಿತ್ತೆಂಬುದಕ್ಕೂ ಈಗ ದಾಖಲೆಯಿದೆ. ‘ಆ ವರ್ಷ ಭಾರೀ ಮಳೆ ಸ್ವಾಮೀ’ ಎಂಬ ಮಾತಿಗಿಂತ ಆ ಅಂಕಿಗೆ ತೂಕ ಹೆಚ್ಚು.

ತಡದ ನಷ್ಟವನ್ನು ಹಣಕ್ಕೆ ಇಳಿಸಲು ಸೂತ್ರಗಳೂ ಇವೆ. ಹೆಚ್ಚು ಬಳಕೆಯಲ್ಲಿರುವುದು ಹಡ್ಸನ್ ಸೂತ್ರ. ಕರಾರು 1.2 ಕೋಟಿ ರೂಪಾಯಿಯದು, ಅವಧಿ 12 ತಿಂಗಳು, ಕಚೇರಿ ಖರ್ಚು ಮತ್ತು ಲಾಭ ಸೇರಿ ನೂರಕ್ಕೆ 10 ಎಂದುಕೊಳ್ಳಿ. ಕೆಲಸ ಕೊಟ್ಟವರಿಂದ 3 ತಿಂಗಳು ತಡವಾದರೆ ಸೂತ್ರ ಹೇಳುವ ನಷ್ಟ 3 ಲಕ್ಷ ರೂಪಾಯಿ. ಸೂತ್ರ ಹಾಕಿದ ಮಾತ್ರಕ್ಕೆ ಹಣ ಬರುವುದಿಲ್ಲ. 2006ರ ಮ್ಯಾಕ್‌ಡರ್ಮಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಸೂತ್ರಗಳನ್ನು ಒಪ್ಪಬಹುದೆಂದಿತು. 2023ರ ಬಾಟ್ಲಿಬಾಯ್ ಪ್ರಕರಣದಲ್ಲಿ, ನಿಜವಾದ ನಷ್ಟಕ್ಕೆ ಪುರಾವೆಯಿಲ್ಲದೆ, ಒಂದನ್ನೇ ಎರಡು ಸಲ ಲೆಕ್ಕಕ್ಕೆ ಹಿಡಿದು ಕೊಟ್ಟ ಪರಿಹಾರ ನಿಲ್ಲದು ಎಂದಿತು.

ಜಗಳ ಎಲ್ಲಿಗೆ ಹೋಗುತ್ತದೆ

ಮೊದಲು ಹೋಗುವುದು ಊರಿನ ನಾಲ್ಕು ಹಿರಿಯರ ಮುಂದೆ. ಅಲ್ಲಿ ಮುಗಿದರೆ ಎಲ್ಲಕ್ಕಿಂತ ಒಳ್ಳೆಯದು. ಅಲ್ಲೂ ಅಳತೆಯ ಹಾಳೆಯೊಂದು ನಡುವೆ ಇದ್ದರೆ ಹಿರಿಯರ ಕೆಲಸ ಅರ್ಧ ಹಗುರ. ಮುಗಿಯದಿದ್ದರೆ ನ್ಯಾಯಾಲಯ. ಅಲ್ಲಿ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದೇ ಕೊನೆ, ಅದರ ಮೇಲೆ ಅಪೀಲಿಲ್ಲ, ದಾವೆಗೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ಸು ಬರುತ್ತದೆ.

ದಾವೆ ನಡೆದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ನ್ಯಾಯಾಲಯ ಕಮಿಷನರನ್ನು ನೇಮಿಸಿ ಸ್ಥಳ ಪರಿಶೀಲನೆಗೆ ಕಳಿಸಬಹುದು. ಸಾಮಾನ್ಯವಾಗಿ ವಕೀಲರನ್ನೇ ಕಳಿಸುವುದುಂಟು. ಕಟ್ಟಡದ ಅಳತೆಯ ವಿಷಯವಾದರೆ ತಾಂತ್ರಿಕ ಪರಿಣತರನ್ನು ಕೇಳಿಕೊಳ್ಳಲು ಪಕ್ಷಗಾರರಿಗೆ ಅವಕಾಶವಿದೆ. ಆ ವರದಿ ಪ್ರಕರಣದ ಸಾಕ್ಷ್ಯವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಪರಿಣತರ ಅಭಿಪ್ರಾಯಕ್ಕೆ ಜಾಗ ಕೊಟ್ಟಿದೆ.

ಮನೆ ಕಟ್ಟಿಸಿಕೊಂಡವರಿಗೆ ಇನ್ನೊಂದು ಬಾಗಿಲಿದೆ. 1993ರ ತಿದ್ದುಪಡಿಯಿಂದ ಮನೆ ನಿರ್ಮಾಣವೂ ಗ್ರಾಹಕ ಕಾಯ್ದೆಯ ‘ಸೇವೆ’ಗೆ ಸೇರಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿಯೊಳಗಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅದೂ ಎರಡು ವರ್ಷದೊಳಗೆ. ಕಟ್ಟಿದವರು ಕೆಲಸದ ಹಣ ಕೇಳಿ ದಾವೆ ಹೂಡಲು ಮೂರು ವರ್ಷದ ಗಡುವು. ಕೆಲಸ ಬಾಯಿಮಾತಿನದಾಗಿದ್ದರೂ, ಬಿಟ್ಟಿ ಮಾಡುವ ಮನಸ್ಸಿಲ್ಲದೆ ಮಾಡಿದ್ದನ್ನು ಎದುರಿನವರು ಅನುಭವಿಸಿದ್ದರೆ ಪ್ರತಿಫಲ ಕೊಡಬೇಕೆಂದು 1872ರ ಕರಾರು ಕಾಯ್ದೆಯ 70ನೇ ಕಲಂ ಹೇಳುತ್ತದೆ. ಎಷ್ಟು ಕೊಡಬೇಕೆಂಬ ಪ್ರಶ್ನೆ ಬಂದಾಗ ಮತ್ತೆ ಟೇಪೇ ಬೇಕು.

ದೊಡ್ಡ ಕರಾರುಗಳಲ್ಲಿ ಪಂಚಾಯ್ತಿಕೆಯ, ಅಂದರೆ ಆರ್ಬಿಟ್ರೇಷನ್ನಿನ ಷರತ್ತು ಇರುತ್ತದೆ. 1996ರ ಕಾಯ್ದೆಯ ಪ್ರಕಾರ ವಾದ ಪ್ರತಿವಾದಗಳ ಸಲ್ಲಿಕೆ ಮುಗಿದ 12 ತಿಂಗಳಲ್ಲಿ ತೀರ್ಪು ಬರಬೇಕು, ಇಬ್ಬರೂ ಒಪ್ಪಿದರೆ ಇನ್ನು 6 ತಿಂಗಳು. ಅಲ್ಲಿ ಕ್ವಾಂಟಿಟಿ ಸರ್ವೇಯರ್ ಒಬ್ಬರ ಪರವಾಗಿ ಕ್ಲೇಮು ಬರೆಯಬಹುದು, ಪರಿಣತ ಸಾಕ್ಷಿಯಾಗಬಹುದು, ಅನುಭವ ಮಾಗಿದ ಮೇಲೆ ತಾವೇ ಪಂಚರಾಗಿ ಕೂರಬಹುದು. ಬ್ರಿಟನ್ನಿನಲ್ಲಿ 1998ರಿಂದ ನಿರ್ಮಾಣದ ಜಗಳಗಳಿಗೆ 28 ದಿನದಲ್ಲಿ ನಿರ್ಣಯ ಕೊಡುವ ವ್ಯವಸ್ಥೆಯಿದೆ, ಅಲ್ಲಿ ನಿರ್ಣಯಕಾರರಾಗಿ ಕೂರುವವರಲ್ಲಿ ಈ ವೃತ್ತಿಯವರು ಬಹಳ.

ತಕ್ಕಡಿ ಯಾರ ಕೈಯಲ್ಲಿ

ಅಳತೆ ಸರಿಯಿದ್ದರೆ ಸಾಲದು, ಅಳೆಯುವವರು ಒಬ್ಬರ ಕೈಯವರಾಗಿರಬಾರದು. ಈ ಮಾತಿಗೆ ದೇಶವೇ ನೆನೆಯುವ ತೀರ್ಪೊಂದು ನಮ್ಮ ಮಲೆನಾಡಿನಿಂದ ಹೋದದ್ದು. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಲಿಗೂ ಸರ್ಕಾರಕ್ಕೂ ಭತ್ತ ಅಕ್ಕಿ ಮಾಡುವ ಕರಾರಿತ್ತು. ಕರಾರು ಮುರಿದಿರಿ ಎಂದು ಸರ್ಕಾರದ ಅಧಿಕಾರಿಯೇ ತೀರ್ಮಾನಿಸಿ, ನಷ್ಟ ಎಷ್ಟೆಂದೂ ತಾವೇ ಲೆಕ್ಕ ಹಾಕಿ, ವಸೂಲಿಗೆ ಹೊರಟರು. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಕರಾರು ಮುರಿದಿದೆಯೇ ಎಂಬುದೇ ವಿವಾದದಲ್ಲಿರುವಾಗ, ಕರಾರಿನ ಒಂದು ಪಕ್ಷದವರು ತಮ್ಮ ವ್ಯಾಜ್ಯಕ್ಕೆ ತಾವೇ ನ್ಯಾಯಾಧೀಶರಾಗುವಂತಿಲ್ಲ ಎಂದಿತು. ಅದು ಅಕ್ಕಿ ಗಿರಣಿಯ ಪ್ರಕರಣ. ಆದರೆ ಆ ತತ್ತ್ವವನ್ನು ಅಂದಿನಿಂದ ರಸ್ತೆ, ಸೇತುವೆ, ಕಟ್ಟಡಗಳ ಗುತ್ತಿಗೆದಾರರ ಪರವಾಗಿ ವಕೀಲರು ಎತ್ತಿ ಹೇಳುತ್ತ ಬಂದಿದ್ದಾರೆ. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಸರ್ಕಾರಿ ಸಂಸ್ಥೆಯೊಂದೇ ತನಗೆ ಬೇಕಾದ ಏಕೈಕ ಪಂಚರನ್ನು ನೇಮಿಸಿಕೊಳ್ಳುವ ಷರತ್ತು ಸಮಾನತೆಗೆ ವಿರುದ್ಧ ಎಂದು ಹೇಳಿತು.

ನಮ್ಮ ಜನಕ್ಕೆ ಇದನ್ನು ಕಾನೂನಿನ ಪುಸ್ತಕದಿಂದ ಕಲಿಸಬೇಕಾಗಿಲ್ಲ. ಶಿರಸಿಯಲ್ಲಿ ತೋಟಗಾರರು ತಮ್ಮದೇ ಮಾರಾಟ ಸಹಕಾರಿ ಸಂಘ ಕಟ್ಟಿಕೊಂಡದ್ದು 1923ರಲ್ಲಿ. ಬೆಳೆದವರ ಕಣ್ಣೆದುರಿಗೆ ಅಡಿಕೆ ತೂಗಿ, ವ್ಯಾಪಾರಿಗಳು ಟೆಂಡರು ಹಾಕಿ ದರ ಹೇಳುವ ಪದ್ಧತಿ ಇಲ್ಲಿ ಬೇರೂರಿದೆ. ತಕ್ಕಡಿ ಕೊಳ್ಳುವವರ ಒಳಕೋಣೆಯಲ್ಲಿದ್ದರೆ ಆಗುವುದೇನೆಂದು ಗೊತ್ತಿದ್ದವರು ಅದನ್ನು ಅಂಗಳಕ್ಕೆ ತಂದರು. ಒಂದು ಚೀಲ ಅಡಿಕೆಗೆ ಇರುವ ಈ ಎಚ್ಚರ, ಜೀವಮಾನದ ಉಳಿತಾಯ ಸುರಿದು ಕಟ್ಟುವ ಮನೆಗೆ ಇಲ್ಲವೆಂಬುದು ನನ್ನ ಬೇಸರ.

ಈ ದಾರಿಗೆ ಬರುವುದು ಹೇಗೆ

ಸಿವಿಲ್ ಡಿಪ್ಲೊಮಾ ಅಥವಾ ಬಿ.ಇ. ಇದಕ್ಕೆ ಮೊದಲ ಮೆಟ್ಟಿಲು. ಕಾರವಾರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಹುಬ್ಬಳ್ಳಿ ಧಾರವಾಡದ ಕಾಲೇಜುಗಳು, ಸುರತ್ಕಲ್ಲಿನ ಎನ್‌ಐಟಿಕೆ ನಮಗೆ ಹತ್ತಿರ. ‘ಎಸ್ಟಿಮೇಷನ್’ ವಿಷಯವನ್ನು ಪಾಸಾಗುವಷ್ಟೇ ಓದದೆ ಮನಸ್ಸಿಟ್ಟು ಓದಬೇಕು. ಆಮೇಲೆ ನಾಲ್ಕೈದು ವರ್ಷ ಸೈಟು. ಗುತ್ತಿಗೆದಾರರ ಬಳಿ ಬಿಲ್ಲು ಬರೆಯಬೇಕು, ಆದರೆ ಬಿಲ್ಲು ಪರಿಶೀಲಿಸುವ ಕಡೆಯೂ ಒಂದಷ್ಟು ಕಾಲ ಕೂರಬೇಕು. ಎರಡೂ ಕಡೆ ಕೂತವರಿಗೆ ಮಾತ್ರ ಎರಡೂ ಕಡೆಯ ಆಸೆ, ಅಂಜಿಕೆ ಅರ್ಥವಾಗುತ್ತದೆ. ಕರಾರಿನ ಷರತ್ತುಗಳನ್ನು ಸಾಲು ಸಾಲಾಗಿ ಓದುವ ತಾಳ್ಮೆ ಬೆಳೆದ ಮೇಲೆ ಕಾನೂನು ಪದವಿಯನ್ನೋ, ನಿರ್ಮಾಣ ನಿರ್ವಹಣೆ ಕಲಿಸಲು 1983ರಲ್ಲಿ ಶುರುವಾದ ನಿಕ್ಮಾರ್‌ನಂಥ ಸಂಸ್ಥೆಯ ಕೋರ್ಸನ್ನೋ, ಆರ್‌ಐಸಿಎಸ್ ಸದಸ್ಯತ್ವವನ್ನೋ ಗಳಿಸಬಹುದು. ಕೊಲ್ಲಿ ದೇಶಗಳಲ್ಲಿ ಈ ಹುದ್ದೆಗೆ ಈ ಹೆಸರಿನಲ್ಲೇ ಬೇಡಿಕೆಯಿದೆ.

ಆದರೆ ಊರಲ್ಲೇ ಇದ್ದು ಈ ಕೆಲಸ ಮಾಡಬಲ್ಲವರ ಮೇಲೆ ನನಗೆ ಹೆಚ್ಚು ಆಸೆ. ಇಲ್ಲಿನ ಜಗಳದ ಸಾಕ್ಷ್ಯವೆಲ್ಲ ಕನ್ನಡದಲ್ಲಿದೆ. ಮೇಸ್ತ್ರಿಯ ಇನ್ನೂರು ಪುಟದ ನೋಟುಬುಕ್ಕು, ಕಲ್ಲಿನ ಲೋಡಿನ ಚೀಟಿ, ಸೆಂಟ್ರಿಂಗ್‌ನವರ ಹಾಜರಿ, ವಾಟ್ಸ್‌ಆ್ಯಪ್ಪಿನ ಧ್ವನಿ ಸಂದೇಶ. ಇವನ್ನು ಓದಿ, ಕೇಳಿ, ಸರಿಯಾದ ತಖ್ತೆಯಾಗಿ ನ್ಯಾಯಾಲಯದ ಮುಂದಿಡಬಲ್ಲವರು ಬೆಂಗಳೂರಿನಿಂದ ಬರಲಾರರು. ಜಂಬಿಟ್ಟಿಗೆ ಯಾವಾಗ ಮಣ್ಣು, ಯಾವಾಗ ಕಲ್ಲು ಎಂದು ಕೈಯಲ್ಲಿ ಮುಟ್ಟಿ ಹೇಳಬಲ್ಲವರು, ಆರಿದ್ರಾ ಮಳೆಗೂ ಚಿತ್ತಾ ಮಳೆಗೂ ವ್ಯತ್ಯಾಸ ಬಲ್ಲವರು ಇಲ್ಲಿಯ ಮಕ್ಕಳೇ.

ಈಗ ಮತ್ತೆ ಆ ಪಾಯದ ಹತ್ತಿರ ಹೋಗೋಣ. ಮೇಸ್ತ್ರಿ ಐದಡಿ ಹೋಗಬೇಕೆಂದ ಆ ಸಂಜೆ, ಯಜಮಾನರು ‘ಆಮೇಲೆ ನೋಡನ’ ಎನ್ನುವ ಬದಲು ಟೇಪಿನ ಒಂದು ತುದಿ ಹಿಡಿದಿದ್ದರೆ ಸಾಕಿತ್ತು. ಇನ್ನೊಂದು ತುದಿ ಮೇಸ್ತ್ರಿಯ ಕೈಯಲ್ಲಿ. ಉದ್ದ 24, ಅಗಲ 0.75, ಹೆಚ್ಚುವರಿ ಆಳ 0.6 ಎಂದು ಮಗಳ ಶಾಲೆಯ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಇಬ್ಬರೂ ಸಹಿ ಮಾಡಿ, ಗುಂಡಿಯಲ್ಲಿ ಟೇಪು ಇಳಿಬಿಟ್ಟ ಒಂದು ಫೋಟೋ ತೆಗೆಯಲು ಹತ್ತು ನಿಮಿಷ ಸಾಕು. ಮರುದಿನ ಬೆಳಿಗ್ಗೆ ಕಲ್ಲು ಕೂರುತ್ತದೆ, ಪಾಯ ಮುಚ್ಚುತ್ತದೆ. ಆ ಮನೆಯ ಹಬ್ಬದೂಟಕ್ಕೆ ಮೇಸ್ತ್ರಿಯನ್ನು ಕರೆಯಲು ಯಾವ ಅಡ್ಡಿಯೂ ಇರುವುದಿಲ್ಲ.